ವೈಫೈ ಯಾಕೆ ಬರ್ತಿಲ್ಲ ಅಂತ ಲಿನಕ್ಸ್‌ಗೆ ಗೊತ್ತು. ನಿಮಗೆ ಯಾಕೆ ಹೇಳಲ್ಲ?

1/10

ಲಿನಕ್ಸ್ ಇನ್‌ಸ್ಟಾಲ್ ಮಾಡೋಕೆ ಅರ್ಧ ಗಂಟೆ ಸಾಕು. ಅದರಲ್ಲಿ ವೈಫೈ ಬರಿಸೋಕೆ ಕೆಲವರಿಗೆ ಎರಡು ದಿನ ಹಿಡಿಯುತ್ತೆ. ಮೂರನೇ ದಿನ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಬೀಳುತ್ತೆ: "ಮಗಾ, ಯಾರಾದ್ರೂ ವಾಪಸ್ ವಿಂಡೋಸ್ ಹಾಕ್ಕೊಡ್ತೀರಾ?"

ಈ ಮೆಸೇಜ್ ನೀವು ನೋಡಿರ್ತೀರಿ. ನೀವೇ ಕಳಿಸಿಯೂ ಇರಬಹುದು. ಅದರ ಕೆಳಗೆ ಬರೋ ಉತ್ತರಗಳೂ ನಮಗೆಲ್ಲ ಬಾಯಿಪಾಠ. ಒಬ್ಬ "ಮೊದಲು ಟರ್ಮಿನಲ್ ಕಲಿ" ಅಂತಾನೆ. ಇನ್ನೊಬ್ಬಳು "ನಿನ್ನ ಲ್ಯಾಪ್‌ಟಾಪೇ ಸರಿ ಇಲ್ಲ" ಅಂತಾಳೆ. ಮತ್ತೊಬ್ಬ ಎಷ್ಟೋ ವರ್ಷ ಹಳೇ ಲಿಂಕ್ ಒಂದನ್ನ ಹಾಕಿ ಮಾಯ ಆಗ್ತಾನೆ.

ಹತ್ತು ಪೋಸ್ಟಿನ ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋ ಮಾತು ಒಂದೇ. ಆ ಹುಡುಗ ದಡ್ಡ ಅಲ್ಲ. ಅವನ ಲ್ಯಾಪ್‌ಟಾಪೂ ಕೆಟ್ಟಿಲ್ಲ. ಬಹಳ ಸಲ ಬೇಕಾದ ಡ್ರೈವರ್ ಕೂಡ ಎಲ್ಲೋ ಒಂದು ಕಡೆ ಸಿದ್ಧವಾಗಿರುತ್ತೆ. ಯಾವ ಪಾರ್ಟ್ ಕೆಲಸ ಮಾಡ್ತಿಲ್ಲ, ಅದಕ್ಕೆ ಏನು ಬೇಕು ಅನ್ನೋದು ಆ ಕಂಪ್ಯೂಟರಿಗೇ ಗೊತ್ತಿರುತ್ತೆ. ಅದನ್ನ ಅರ್ಥವಾಗೋ ಮಾತಿನಲ್ಲಿ, ಸರಿಯಾದ ಹೊತ್ತಿಗೆ ಅದು ಹೇಳಲ್ಲ.

ಓಪನ್ ಸೋರ್ಸ್ ಸಿಸ್ಟಮ್‌ಗಳಲ್ಲಿ ಡ್ರೈವರ್ ಸೆಟಪ್ ಸುಲಭ ಆಗಬೇಕು ಅಂದ್ರೆ ಮೊದಲು ಮುರಿಯಬೇಕಾಗಿರೋದು ಈ ಮೌನವನ್ನ. ಹೇಗೆ ಅಂತ ಒಂದೊಂದಾಗಿ ನೋಡೋಣ. ಕಂಪ್ಯೂಟರ್ ಸೈನ್ಸ್ ಓದದವರೂ ಓದಬಹುದು, ಹೆದರಬೇಡಿ.

2/10

ಇದು ಈಗ ಯಾಕೆ ಮುಖ್ಯ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಬೇಕು ಅಂದ್ರೆ ಟಿಪಿಎಂ 2.0 ಚಿಪ್ ಇರಬೇಕು. ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಆರನೇ, ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಎಷ್ಟೇ ಚೆನ್ನಾಗಿ ಓಡ್ತಿದ್ರೂ ಅಧಿಕೃತವಾಗಿ ಅದಕ್ಕೆ ಜಾಗ ಇಲ್ಲ.

ಈ ಹಳೇ ಲ್ಯಾಪ್‌ಟಾಪ್‌ಗಳು ಯಾರ ಕೈಯಲ್ಲಿವೆ ಯೋಚನೆ ಮಾಡಿ. ಅಣ್ಣ ಓದು ಮುಗಿಸಿ ತಂಗಿಗೆ ಕೊಟ್ಟಿದ್ದು. ಆಫೀಸಿನವರು ಮಾರಿದ್ದನ್ನ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದು. ಹಾಸ್ಟೆಲ್ಲಿನ ಸೀನಿಯರ್ ಊರಿಗೆ ಹೋಗುವಾಗ ಕಮ್ಮಿ ರೇಟಿಗೆ ಬಿಟ್ಟುಹೋಗಿದ್ದು. ಹೊಸದು ತಗೊಳ್ಳೋಕೆ ಮನೆಯಲ್ಲಿ ಕೇಳೋಕಾಗದವರ ಕೈಯಲ್ಲೇ ಇವು ಜಾಸ್ತಿ.

ಇಂಥ ಲ್ಯಾಪ್‌ಟಾಪಿಗೆ ಲಿನಕ್ಸ್ ಒಳ್ಳೇ ದಾರಿ. ದುಡ್ಡು ಕೊಡಬೇಕಾಗಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಬರ್ತಾನೇ ಇರುತ್ತೆ, ಪ್ರೋಗ್ರಾಮಿಂಗ್ ಕಲಿಯೋಕೂ ಅನುಕೂಲ. ಇದನ್ನ ನಾವೆಲ್ಲ ಹೇಳ್ತಾನೇ ಇರ್ತೀವಿ. ಆದ್ರೆ ಮೊದಲ ರಾತ್ರಿ ವೈಫೈ ಬರಲಿಲ್ಲ, ಸೌಂಡ್ ಬರಲಿಲ್ಲ ಅಂದ್ರೆ ಆ ಹುಡುಗಿ ಎರಡನೇ ರಾತ್ರಿಗೆ ಕಾಯಲ್ಲ. ನಾಳೆ ಅಸೈನ್‌ಮೆಂಟ್ ಸಬ್‌ಮಿಟ್ ಮಾಡ್ಬೇಕು. ಅವಳು ಪೈರೇಟೆಡ್ ವಿಂಡೋಸ್ ಹಾಕಿಸಿಕೊಂಡು ಬರ್ತಾಳೆ. ಅವಳನ್ನ ಬೈಯೋಕೆ ನಮಗೆ ಯಾವ ಹಕ್ಕೂ ಇಲ್ಲ.

ಸ್ವಾತಂತ್ರ್ಯ, ಓಪನ್ ಸೋರ್ಸ್ ಅಂತ ನಾವು ಮಾಡೋ ಎಲ್ಲ ಭಾಷಣವೂ ಆ ಮೊದಲ ಒಂದು ಗಂಟೆಯಲ್ಲೇ ಗೆಲ್ಲುತ್ತೆ, ಇಲ್ಲಾ ಸೋಲುತ್ತೆ.

3/10

ಈಗ ಸ್ವಲ್ಪ ಒಳಗೆ ಹೋಗೋಣ. ಡ್ರೈವರ್ ಅಂದ್ರೇನು?

ಆಪರೇಟಿಂಗ್ ಸಿಸ್ಟಮ್‌ಗೆ ಪ್ರತಿ ಚಿಪ್‌ನ ಭಾಷೆ ಗೊತ್ತಿರಲ್ಲ. ನಡುವೆ ನಿಂತು ಮಾತು ದಾಟಿಸೋ ದುಭಾಷಿಯೇ ಡ್ರೈವರ್. ಲಿನಕ್ಸ್ ಕರ್ನಲ್‌ನ ಒಟ್ಟು ಕೋಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ಡ್ರೈವರ್‌ಗಳೇ. ಅಂದ್ರೆ ಸಾವಿರಾರು ಸಾಧನಗಳ ಡ್ರೈವರ್ ನೀವು ಇನ್‌ಸ್ಟಾಲ್ ಮಾಡುವಾಗಲೇ ಒಳಗೆ ಬಂದುಬಿಟ್ಟಿರುತ್ತೆ. ವಿಂಡೋಸ್ ಕಾಲದಲ್ಲಿ ಮದರ್‌ಬೋರ್ಡ್ ಜೊತೆ ಡ್ರೈವರ್ ಸಿಡಿ ಕೊಡ್ತಿದ್ರಲ್ಲ, ಆ ತಾಪತ್ರಯ ಇಲ್ಲಿ ಬಹುಮಟ್ಟಿಗೆ ಇಲ್ಲ.

ಯಾವ ಚಿಪ್‌ಗೆ ಯಾವ ಡ್ರೈವರ್ ಅಂತ ಕರ್ನಲ್‌ಗೆ ಹೇಗೆ ಗೊತ್ತಾಗುತ್ತೆ? ಪ್ರತಿ ಪಿಸಿಐ ಮತ್ತು ಯುಎಸ್‌ಬಿ ಸಾಧನದಲ್ಲೂ ಎರಡು ನಂಬರ್ ಇರುತ್ತೆ. ಒಂದು ಅದನ್ನ ಮಾಡಿದ ಕಂಪನಿಯದು, ಇನ್ನೊಂದು ಆ ಮಾಡೆಲ್‌ನದು. ಗಾಡಿಯ ನಂಬರ್ ಪ್ಲೇಟ್ ನೋಡಿದ್ರೆ ಯಾವ ಆರ್‌ಟಿಒ ಅಂತ ಗೊತ್ತಾಗಲ್ವಾ, ಹಾಗೆ. ಇಂಟೆಲ್ ಕಂಪನಿಯ ಪಿಸಿಐ ನಂಬರ್ 8086. ಅವರ ಹಳೇ ಪ್ರಸಿದ್ಧ ಪ್ರೊಸೆಸರ್‌ನ ಹೆಸರನ್ನೇ ನಂಬರ್ ಮಾಡ್ಕೊಂಡಿದ್ದಾರೆ!

ಪ್ರತಿ ಡ್ರೈವರ್‌ನಲ್ಲಿ "ನಾನು ಈ ಈ ನಂಬರ್‌ಗಳನ್ನ ನೋಡ್ಕೋತೀನಿ" ಅನ್ನೋ ಪಟ್ಟಿ ಇರುತ್ತೆ. ಕಂಪ್ಯೂಟರ್ ಆನ್ ಆದಾಗ ಚಿಪ್ ತನ್ನ ನಂಬರ್ ಹೇಳುತ್ತೆ, ಕರ್ನಲ್ ಪಟ್ಟಿ ಹುಡುಕುತ್ತೆ, ಹೊಂದಿದ ಡ್ರೈವರ್ ತಾನಾಗೇ ಲೋಡ್ ಆಗುತ್ತೆ. ಎಷ್ಟು ಚೆಂದದ ವ್ಯವಸ್ಥೆ ನೋಡಿ.

ಹೊಂದಲಿಲ್ಲ ಅಂದ್ರೆ?

ಏನೂ ಆಗಲ್ಲ. ಒಂದು ಪಾಪ್‌ಅಪ್ ಕೂಡ ಬರಲ್ಲ. "ನಿಮ್ಮ ವೈಫೈ ಚಿಪ್ ಇಂಥದ್ದು, ಇದಕ್ಕೆ ನನ್ನ ಹತ್ರ ಡ್ರೈವರ್ ಇಲ್ಲ" ಅನ್ನೋ ಒಂದು ಸಾಲು ಸ್ಕ್ರೀನ್ ಮೇಲೆ ಬರಲ್ಲ. ವೈಫೈ ಐಕಾನ್ ಸುಮ್ಮನೆ ಕಾಣಿಸಲ್ಲ, ಅಷ್ಟೇ. ಕಂಪ್ಯೂಟರಿಗೆ ನಂಬರ್ ಗೊತ್ತು, ಡ್ರೈವರ್ ಸಿಗಲಿಲ್ಲ ಅನ್ನೋದೂ ಗೊತ್ತು. ನಿಮಗೆ ಮಾತ್ರ ಗೊತ್ತಿಲ್ಲ.

4/10

ಇನ್ನೊಂದು ಪದ ತಿಳ್ಕೊಳ್ಳಿ: ಫರ್ಮ್‌ವೇರ್. ಬಹಳ ಜನ ಎಡವೋದು ಇಲ್ಲೇ.

ಇವತ್ತಿನ ವೈಫೈ ಚಿಪ್ ಒಳಗೆ ಅದರದ್ದೇ ಒಂದು ಪುಟ್ಟ ಪ್ರೊಸೆಸರ್ ಇರುತ್ತೆ. ಅದು ಓಡಬೇಕಾದ್ರೆ ಕಂಪನಿಯವರು ಬರೆದ ಒಂದು ಫೈಲ್ ಬೇಕು. ಅದೇ ಫರ್ಮ್‌ವೇರ್. ಚಿಪ್ ಆನ್ ಆದಾಗ ಡ್ರೈವರ್ ಈ ಫೈಲನ್ನ ಡಿಸ್ಕ್‌ನಿಂದ ಎತ್ತಿ ಚಿಪ್‌ಗೆ ತುಂಬುತ್ತೆ. ಡ್ರೈವರ್ ಇದ್ದು ಈ ಫೈಲ್ ಇಲ್ಲದಿದ್ರೆ, ಡ್ರೈವರ್ ಸೀಟಿನಲ್ಲಿ ಕೂತಿದ್ದಾನೆ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಇಲ್ಲ ಅನ್ನೋ ಸ್ಥಿತಿ.

ಆಗ ಕರ್ನಲ್ ಏನು ಮಾಡುತ್ತೆ? ಯಾವ ಫೈಲ್ ಸಿಗಲಿಲ್ಲ ಅನ್ನೋದನ್ನ ಹೆಸರು ಸಮೇತ ಬರೆದಿಡುತ್ತೆ. ಎಲ್ಲಿ? ಲಾಗ್‌ನಲ್ಲಿ. ಟರ್ಮಿನಲ್ ತೆಗೆದು ಸರಿಯಾದ ಕಮಾಂಡ್ ಕೊಟ್ಟು ನೂರಾರು ಸಾಲುಗಳ ನಡುವೆ ಹುಡುಕಿದ್ರೆ ಸಿಗುತ್ತೆ. ಉತ್ತರ ಅಲ್ಲೇ ಇದೆ, ಬಾಗಿಲಿಗೆ ಬೀಗ ಹಾಕಿದೆ.

ಇದಕ್ಕಿಂತ ದೊಡ್ಡ ತಮಾಷೆ ಮುಂದಿದೆ. ಆ ಫೈಲ್ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಿ ಅಂತಾರೆ. ಇಂಟರ್ನೆಟ್‌ಗೆ ವೈಫೈ ಬೇಕು. ವೈಫೈಗೆ ಆ ಫೈಲ್ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ!

ಮೊದಲೆಲ್ಲ "ಲ್ಯಾನ್ ಕೇಬಲ್ ಹಾಕು" ಅಂತಿದ್ರು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟೇ ಇರಲ್ಲ. ಇದ್ರೂ ಹಾಸ್ಟೆಲ್, ಪೀಜಿಯಲ್ಲಿ ಕೇಬಲ್ ಎಲ್ಲಿಂದ ತರ್ತೀರಿ?

ಒಂದು ಉಪಾಯ ಸೇವ್ ಮಾಡಿಟ್ಕೊಳ್ಳಿ. ನಿಮ್ಮ ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಗಿಸಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಪಕ್ಕದಲ್ಲಿರೋ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಲಿನಕ್ಸ್ ಅದನ್ನ ಲ್ಯಾನ್ ಕೇಬಲ್ ಅಂತಲೇ ತಿಳ್ಕೊಂಡು ಕನೆಕ್ಟ್ ಆಗುತ್ತೆ, ಬೇರೆ ಡ್ರೈವರ್ ಬೇಕಿಲ್ಲ. ಚಾರ್ಜಿಂಗ್ ಮಾತ್ರ ಆಗೋ ಕೇಬಲ್ ನಡೆಯಲ್ಲ, ನೋಡ್ಕೊಳ್ಳಿ.

ನೋಡಿ, ಈ ಒಂದು ಸಾಲಿನ ಸಲಹೆಯನ್ನ ಇನ್‌ಸ್ಟಾಲರ್ ತಾನೇ ಸ್ಕ್ರೀನ್ ಮೇಲೆ ತೋರಿಸಬಹುದಿತ್ತು. ಎಷ್ಟು ಜನರ ಎರಡು ದಿನ ಉಳೀತಿತ್ತು!

5/10

"ಅಷ್ಟು ಸುಲಭ ಇದ್ರೆ ಇಷ್ಟು ದಿನ ಯಾಕೆ ಮಾಡಿಲ್ಲ?" ಅಂತ ಕೇಳ್ತೀರಿ. ಒಳ್ಳೇ ಪ್ರಶ್ನೆ. ಕೆಲವು ಕಡೆ ತಡೆ ಇದ್ದಿದ್ದು ತಂತ್ರಜ್ಞಾನದಲ್ಲಿ ಅಲ್ಲ, ತತ್ವದಲ್ಲಿ. ಡೆಬಿಯನ್ ಕಥೆ ಕೇಳಿ.

ಡೆಬಿಯನ್ ಬಹಳ ಹಳೇ, ಬಹಳ ಶಿಸ್ತಿನ ಲಿನಕ್ಸ್. ಉಬುಂಟು ಹುಟ್ಟಿದ್ದೇ ಅದರ ಮೇಲೆ. ಪೂರ್ತಿ ಸ್ವತಂತ್ರ ಸಾಫ್ಟ್‌ವೇರ್ ಮಾತ್ರ ನಮ್ಮ ವ್ಯವಸ್ಥೆಯ ಭಾಗ ಅನ್ನೋದು ಅವರ ಸಾಮಾಜಿಕ ಒಪ್ಪಂದ. ವೈಫೈ ಫರ್ಮ್‌ವೇರ್‌ಗಳ ಸೋರ್ಸ್ ಕೋಡ್ ಕಂಪನಿಗಳು ಕೊಡಲ್ಲ. ಹಾಗಾಗಿ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅವು ಇರ್ತಿರಲಿಲ್ಲ. ಅವನ್ನ ಸೇರಿಸಿದ ಇನ್ನೊಂದು ಇಮೇಜ್ ಇತ್ತು, ಅನಧಿಕೃತ ಅನ್ನೋ ಹಣೆಪಟ್ಟಿ ಹಚ್ಚಿ ಮೂಲೆಯಲ್ಲಿ ಇಟ್ಟಿದ್ರು. ಗೊತ್ತಿದ್ದವರು ಅದನ್ನೇ ಹುಡುಕಿ ಇಳಿಸ್ಕೊಳ್ತಿದ್ರು. ಹೊಸಬರು ಮುಖಪುಟದಲ್ಲಿದ್ದ ಅಧಿಕೃತ ಇಮೇಜ್ ಇಳಿಸಿಕೊಂಡು ವೈಫೈ ಇಲ್ಲದೆ ಕೂತಿರ್ತಿದ್ರು.

2022ರಲ್ಲಿ ಡೆಬಿಯನ್‌ನ ಡೆವಲಪರ್‌ಗಳು ಇದರ ಬಗ್ಗೆ ವೋಟ್ ಹಾಕಿದ್ರು. ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಇರಲಿ ಅನ್ನೋದು ಗೆದ್ದಿತು. ಅದಕ್ಕಾಗಿ ಆ ಸಾಮಾಜಿಕ ಒಪ್ಪಂದದ ಮಾತನ್ನೇ ತಿದ್ದಿದ್ರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ನಿಮ್ಮ ಯಂತ್ರಕ್ಕೆ ಯಾವ ಫರ್ಮ್‌ವೇರ್ ಬೇಕು ಅಂತ ತಾನೇ ನೋಡಿ ಹಾಕುತ್ತೆ. ಬೇಡ ಅನ್ನೋರು ಆಫ್ ಮಾಡೋಕೂ ದಾರಿ ಇಟ್ಟಿದ್ದಾರೆ.

ಇದರಲ್ಲಿ ಹೊಸ ಆವಿಷ್ಕಾರ ಏನಿದೆ ಹೇಳಿ? ಫೈಲ್ ಮೊದಲೂ ಇತ್ತು. ಅದನ್ನ ಹಾಕೋ ವಿಧಾನವೂ ಗೊತ್ತಿತ್ತು. ಮೂಲೆಯಲ್ಲಿದ್ದದ್ದನ್ನ ಬಾಗಿಲಿಗೆ ತಂದಿಟ್ರು. ಲೆಕ್ಕವಿಲ್ಲದಷ್ಟು ಜನರ ಮೊದಲ ರಾತ್ರಿ ಸುಲಭ ಆಯ್ತು.

ತತ್ವ ಬಿಟ್ಟುಕೊಟ್ರು ಅಂತ ಇವತ್ತಿಗೂ ಬೇಜಾರು ಇರೋರಿದ್ದಾರೆ. ಅವರ ಮಾತನ್ನ ನಾನು ತಳ್ಳಿಹಾಕಲ್ಲ. ಮುಚ್ಚಿದ ಫೈಲ್ ಮುಚ್ಚಿದ ಫೈಲೇ, ಅದರೊಳಗೆ ಏನಿದೆ ಅಂತ ನಾವು ನೋಡೋಕಾಗಲ್ಲ. ಆದ್ರೆ ಅದನ್ನ ಹೇಳೋ ರೀತಿ ಬೇರೆ ಇದೆ: "ನಿಮ್ಮ ವೈಫೈಗೆ ಕಂಪನಿಯ ಮುಚ್ಚಿದ ಫೈಲ್ ಬೇಕು. ಹಾಕಲಾ?" ಅಂತ ಕೇಳಿ. ಕೇಳಿದಾಗ ಜನ ಮುಚ್ಚಿದ್ದು, ತೆರೆದದ್ದು ಅಂದ್ರೇನು ಅಂತ ಯೋಚಿಸ್ತಾರೆ. ಹೇಳದೇ ಕೈಬಿಟ್ರೆ ತತ್ವವನ್ನೂ ಕಲಿಯಲ್ಲ, ಲಿನಕ್ಸ್ ಅನ್ನೂ ಬಳಸಲ್ಲ.

6/10

ಇವತ್ತಿನ ಅತಿ ಕೆಟ್ಟ ಸ್ಕ್ರೀನ್‌ಗೆ ಬಹುಮಾನ ಕೊಡೋದಾದ್ರೆ ನನ್ನ ವೋಟು ಒಂದು ನೀಲಿ ಸ್ಕ್ರೀನ್‌ಗೆ. ವಿಂಡೋಸ್‌ನದ್ದಲ್ಲ, ಲಿನಕ್ಸ್‌ನದ್ದೇ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಅಂತ ಒಂದಿದೆ. ಸಹಿ ಇಲ್ಲದ ಕೋಡ್ ಕಂಪ್ಯೂಟರ್ ಶುರುವಾಗುವಾಗ ಒಳಗೆ ನುಗ್ಗಬಾರದು ಅಂತ ಕಾವಲು. ಒಳ್ಳೇದೇ. ಆದ್ರೆ ಕೆಲವು ವೈಫೈ ಡ್ರೈವರ್, ಕೆಲವು ಎನ್‌ವಿಡಿಯಾ ಡ್ರೈವರ್ ಕರ್ನಲ್ ಜೊತೆ ಬರಲ್ಲ, ನಿಮ್ಮ ಯಂತ್ರದಲ್ಲೇ ಹೊಸದಾಗಿ ಕಂಪೈಲ್ ಆಗುತ್ತೆ. ಹಾಗಾಗಿ ಅದಕ್ಕೆ ನಿಮ್ಮದೇ ಸಹಿ ಬೇಕು. ಆ ಸಹಿಯ ಕೀಯನ್ನ ಲ್ಯಾಪ್‌ಟಾಪಿಗೆ ಪರಿಚಯ ಮಾಡಿಸಬೇಕು.

ಅದು ನಡೆಯೋದು ಹೀಗೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ. ಯಾಕೆ ಅಂತ ಅರ್ಥ ಆಗದೆ ನೀವು ಏನೋ ಒಂದು ಕೊಡ್ತೀರಿ. ರೀಸ್ಟಾರ್ಟ್ ಮಾಡ್ತೀರಿ. ಆಗ ನೀಲಿ ಸ್ಕ್ರೀನ್ ಬಂದು, ಯಾವುದಾದ್ರೂ ಕೀ ಒತ್ತಿ ಅಂತ ಹತ್ತು ಸೆಕೆಂಡ್ ಎಣಿಸುತ್ತೆ. ಅಷ್ಟರಲ್ಲಿ ಒತ್ತದಿದ್ರೆ ಸುಮ್ಮನೆ ಮುಂದೆ ಹೋಗುತ್ತೆ. ಒತ್ತಿದ್ರೆ ಇಂಗ್ಲಿಷಿನಲ್ಲಿ ನಾಲ್ಕೈದು ಆಯ್ಕೆ. ಮೊದಲನೆಯದನ್ನ ಒತ್ತಿದ್ರೆ ಏನೂ ಮಾಡದೆ ಬೂಟ್ ಆಗುತ್ತೆ. ನೀವು ಆರಿಸಬೇಕಾದ್ದು ಎನ್‌ರೋಲ್ ಎಂಓಕೆ ಅನ್ನೋದು. ಆಮೇಲೆ ಮುಂದುವರಿಸಿ, ಹೌದು ಅಂದು, ಆಗ ಕೊಟ್ಟ ಪಾಸ್‌ವರ್ಡ್ ಹಾಕಬೇಕು.

ಚಹಾ ತರೋಕೆ ಎದ್ದು ಹೋಗಿದ್ರೆ ಮುಗೀತು. ಡ್ರೈವರ್ ಇನ್‌ಸ್ಟಾಲ್ ಆಗಿದೆ ಅಂತ ಒಂದು ಕಡೆ ತೋರಿಸುತ್ತೆ, ಆದ್ರೆ ಕೆಲಸ ಮಾಡಲ್ಲ. ಕರ್ನಲ್ ಆ ಕೀ ಒಪ್ಪಲಿಲ್ಲ ಅಂತ ಲಾಗ್‌ನಲ್ಲಿ ಬರೆದಿರುತ್ತೆ. ಮತ್ತೆ ಅದೇ ಲಾಗ್!

ಇಲ್ಲಿ ಕಾವಲು ತೆಗೀರಿ ಅಂತ ನಾನು ಕೇಳ್ತಿಲ್ಲ. ರೀಸ್ಟಾರ್ಟ್ ಮಾಡೋ ಮುಂಚೆ ನಾಲ್ಕು ಚಿತ್ರ ತೋರಿಸಿ: "ಈಗ ನೀಲಿ ಸ್ಕ್ರೀನ್ ಬರುತ್ತೆ, ಹತ್ತು ಸೆಕೆಂಡಿನಲ್ಲಿ ಕೀ ಒತ್ತಿ, ಎರಡನೇ ಆಯ್ಕೆ ತಗೊಳ್ಳಿ, ಇದೇ ಪಾಸ್‌ವರ್ಡ್ ಹಾಕಿ. ಬೇಕಾದ್ರೆ ಫೋನ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ." ವಾಪಸ್ ಬಂದಮೇಲೆ ಕೀ ಸೇರಿಲ್ಲ ಅಂದ್ರೆ ಅದನ್ನೂ ಹೇಳಿ, ಇನ್ನೊಮ್ಮೆ ಮಾಡೋಕೆ ಒಂದು ಬಟನ್ ಕೊಡಿ. ಯುಪಿಐ ಪೇಮೆಂಟ್ ಫೇಲ್ ಆದ್ರೆ ಫೋನ್ ಹೇಳುತ್ತಲ್ವಾ? ಅಷ್ಟು ಮರ್ಯಾದೆ ಇಲ್ಲೂ ಸಿಗಬೇಕು.

7/10

"ತಪ್ಪೆಲ್ಲ ಕಂಪನಿಗಳದ್ದು" ಅನ್ನೋರಿಗೆ ಈ ಪೋಸ್ಟ್. ಅವರ ಮಾತಿನಲ್ಲಿ ಬಹಳಷ್ಟು ಸತ್ಯ ಇದೆ.

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು, ಹತ್ತು ವಾರಕ್ಕೊಮ್ಮೆ ಬರುತ್ತೆ. ಪ್ರತಿ ಸಲ ಅದರ ಒಳಗಿನ ವ್ಯವಸ್ಥೆ ಸ್ವಲ್ಪ ಬದಲಾಗಬಹುದು. ಡ್ರೈವರ್ ಕರ್ನಲ್ ಒಳಗೇ ಇದ್ರೆ ಬದಲಾವಣೆ ಮಾಡಿದವರೇ ಅದನ್ನೂ ಸರಿಮಾಡ್ತಾರೆ. ಹೊರಗೆ ಇದ್ರೆ ಯಾರೂ ನೋಡಲ್ಲ. ಅದಕ್ಕೇ ಗಿಟ್‌ಹಬ್‌ನಿಂದ ತಂದು ಹಾಕಿದ ವೈಫೈ ಡ್ರೈವರ್ ಇವತ್ತು ಚೆನ್ನಾಗಿ ಓಡಿ, ಮುಂದಿನ ಅಪ್‌ಡೇಟ್ ಆದ ಬೆಳಗ್ಗೆ ಮಾಯ ಆಗಿಬಿಡಬಹುದು.

ಹಾಗಾಗಿದ್ರೆ ಒಂದು ತಾತ್ಕಾಲಿಕ ದಾರಿ: ಆನ್ ಆಗುವಾಗ ಬರೋ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಬಹಳ ಡಿಸ್ಟ್ರೋಗಳಲ್ಲಿ ಹಳೇದನ್ನ ಉಳಿಸಿರ್ತಾರೆ.

ಕರ್ನಲ್ ಬರೆಯೋರು ಕಂಪನಿಗಳಿಗೆ ಏನೂ ಸಹಾಯ ಮಾಡಲಿಲ್ಲ ಅಂತಲ್ಲ. 2007ರಲ್ಲೇ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಅನ್ನೋ ಹಿರಿಯ ಡೆವಲಪರ್ ಬಹಿರಂಗವಾಗಿ ಹೇಳಿದ್ರು: ನಿಮ್ಮ ಸಾಧನ ಹೇಗೆ ಕೆಲಸ ಮಾಡುತ್ತೆ ಅನ್ನೋ ಮಾಹಿತಿ ಕೊಡಿ, ಡ್ರೈವರ್ ನಾವು ಪುಕ್ಕಟೆ ಬರ್ಕೊಡ್ತೀವಿ ಅಂತ. ಕೆಲವರು ಬಂದ್ರು, ಕೆಲವರು ಬರಲಿಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಲಿನಸ್ ಟೋರ್ವಾಲ್ಡ್ಸ್ ವೇದಿಕೆ ಮೇಲಿಂದ ಎನ್‌ವಿಡಿಯಾಗೆ ಬೆರಳು ತೋರಿಸಿದ ವಿಡಿಯೋ ನೀವು ನೋಡಿರ್ತೀರಿ, ಅದರ ಮೀಮ್ ಅಂತೂ ನೋಡೇ ಇರ್ತೀರಿ. ಹತ್ತು ವರ್ಷ ಆದಮೇಲೆ, 2022ರ ಮೇ ತಿಂಗಳಲ್ಲಿ ಅದೇ ಕಂಪನಿ ತನ್ನ ಕರ್ನಲ್ ಭಾಗದ ಡ್ರೈವರ್‌ನ ಸೋರ್ಸ್ ಬಿಡುಗಡೆ ಮಾಡಿತು. ಅದು ಟ್ಯೂರಿಂಗ್ ಮತ್ತು ಅದಕ್ಕಿಂತ ಹೊಸ ಕಾರ್ಡ್‌ಗಳಿಗೆ ಮಾತ್ರ, ಉಳಿದ ಭಾಗ ಮುಚ್ಚೇ ಇದೆ. ಆದ್ರೂ ಒಂದು ಹೆಜ್ಜೆ.

ಹಾಗಾದ್ರೆ ಕಂಪನಿಗಳು ಪೂರ್ತಿ ಬದಲಾಗೋವರೆಗೆ ಕಾಯೋಣ್ವಾ? ಬೇಡ. ಡ್ರೈವರ್ ಬರೆಯೋಕೆ ಕಂಪನಿಯ ಒಪ್ಪಿಗೆ ಬೇಕಾಗಬಹುದು. "ಈ ಚಿಪ್‌ಗೆ ಡ್ರೈವರ್ ಇಲ್ಲ" ಅಂತ ಹೇಳೋಕೆ ಯಾರ ಒಪ್ಪಿಗೆಯೂ ಬೇಡ. ಅದು ಪೂರ್ತಿ ನಮ್ಮ ಕೈಯಲ್ಲೇ ಇರೋ ಕೆಲಸ.

8/10

ಈಗ ಖುಷಿಯ ವಿಷಯ. ಡ್ರೈವರ್ ತಲೆನೋವು ಪೂರ್ತಿ ಹೋದ ಜಾಗಗಳೂ ಇವೆ. ಅಲ್ಲಿ ಏನು ಮಾಡಿದ್ರು ನೋಡಿ.

ಪೆನ್‌ಡ್ರೈವ್. ಯಾವ ಕಂಪನಿಯದ್ದಾದ್ರೂ ಚುಚ್ಚಿದ ಕೂಡಲೇ ತೆರೆಯುತ್ತೆ. ಯಾಕಂದ್ರೆ ಪೆನ್‌ಡ್ರೈವ್‌ಗಳೆಲ್ಲ ಒಂದೇ ಒಪ್ಪಿತ ಭಾಷೆ ಮಾತಾಡುತ್ತವೆ. ಕೀಬೋರ್ಡ್, ಮೌಸ್ ಕೂಡ ಹಾಗೇ. ಯುಎಸ್‌ಬಿ ವೆಬ್‌ಕ್ಯಾಮ್‌ಗಳಿಗೆ ಒಂದು ಕಾಲದಲ್ಲಿ ಒಂದೊಂದಕ್ಕೆ ಒಂದೊಂದು ಡ್ರೈವರ್ ಬೇಕಿತ್ತು. ಎಲ್ಲರೂ ಒಂದೇ ಮಾನದಂಡಕ್ಕೆ ಬಂದಮೇಲೆ ಒಂದೇ ಡ್ರೈವರ್ ಸಾಕಾಯ್ತು.

ಪ್ರಿಂಟರ್ ಇನ್ನೂ ಚೆಂದದ ಉದಾಹರಣೆ. ಲಿನಕ್ಸ್‌ನಲ್ಲಿ ಪ್ರಿಂಟರ್ ಅಂದ್ರೆ ಜನ ಕೈ ಮುಗಿಯೋ ಕಾಲ ಇತ್ತು. ಫೋನ್‌ನಿಂದ ಪ್ರಿಂಟ್ ತೆಗೆಯೋದು ಶುರುವಾದ ಮೇಲೆ, ಫೋನ್‌ಗೆ ಯಾರೂ ಡ್ರೈವರ್ ಸಿಡಿ ಹಾಕಲ್ಲ ಅಲ್ವಾ, ಕಂಪನಿಗಳು ಪ್ರಿಂಟರ್ ಒಳಗೇ ಸಾಮಾನ್ಯ ಭಾಷೆ ತುಂಬಿಸಿದ್ರು. ಅದರ ಲಾಭ ಲಿನಕ್ಸ್‌ಗೂ ಸಿಕ್ಕಿತು. ಇವತ್ತಿನ ಬಹಳಷ್ಟು ನೆಟ್‌ವರ್ಕ್ ಪ್ರಿಂಟರ್‌ಗಳು ಒಂದೇ ವೈಫೈನಲ್ಲಿದ್ರೆ ಸಾಕು, ಡ್ರೈವರ್ ಇಲ್ಲದೆ ಕಾಣಿಸ್ಕೊಳ್ಳುತ್ತವೆ.

ಇನ್ನೊಂದು, ಫರ್ಮ್‌ವೇರ್ ಅಪ್‌ಡೇಟ್. ಮೊದಲು ಲ್ಯಾಪ್‌ಟಾಪ್‌ನ ಬಯೋಸ್ ಅಪ್‌ಡೇಟ್ ಮಾಡೋಕೇ ವಿಂಡೋಸ್ ಬೇಕು ಅನ್ನೋ ಸ್ಥಿತಿ ಇತ್ತು. ರಿಚರ್ಡ್ ಹ್ಯೂಸ್ ಅನ್ನೋ ಡೆವಲಪರ್ ಎಲ್‌ವಿಎಫ್‌ಎಸ್ ಅನ್ನೋ ಸೇವೆ ಶುರು ಮಾಡಿದ್ರು. ಕಂಪನಿ ಒಂದು ಸಲ ಅಲ್ಲಿ ಫೈಲ್ ಹಾಕಿದ್ರೆ ಉಬುಂಟು, ಫೆಡೋರಾ, ಡೆಬಿಯನ್, ಎಲ್ಲರಿಗೂ ಹೋಗುತ್ತೆ. ಡೆಲ್, ಲೆನೊವೊದಂಥ ದೊಡ್ಡ ಕಂಪನಿಗಳು ಸೇರಿಕೊಂಡ್ವು. ಸಾಫ್ಟ್‌ವೇರ್ ಸ್ಟೋರ್‌ನಲ್ಲಿ ಬೇರೆ ಅಪ್‌ಡೇಟ್ ಜೊತೆ ಇದೂ ಬರುತ್ತೆ, ಒಂದು ಕ್ಲಿಕ್.

ಲಿನಕ್ಸ್ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಕೂಡ ಒಂದು ಸಣ್ಣ ಜಾಣತನ ಮಾಡಿದೆ. ಇಂಟರ್ನೆಟ್ ಇಲ್ಲ ಅಂದ್ರೆ, ಇನ್‌ಸ್ಟಾಲ್ ಮಾಡೋಕೆ ಬಳಸಿದ ಪೆನ್‌ಡ್ರೈವ್‌ನಿಂದಲೇ ಡ್ರೈವರ್ ತಗೊಳ್ಳೋಕೆ ಬಿಡುತ್ತೆ. ನಾಲ್ಕನೇ ಪೋಸ್ಟ್‌ನಲ್ಲಿ ಹೇಳಿದ ಹುಚ್ಚು ಮದುವೆಯ ಸಮಸ್ಯೆ ಅಲ್ಲಿಗೆ ಪರಿಹಾರ.

ಇವೆಲ್ಲದರಲ್ಲೂ ಒಂದು ಸಾಮಾನ್ಯ ಅಂಶ ಇದೆ. ಬಳಸೋರಿಗೆ "ನೀನೇ ಕಲ್ತ್ಕೋ" ಅನ್ನಲಿಲ್ಲ. ಕಷ್ಟವನ್ನ ಒಂದು ಸಲ, ಒಂದು ಕಡೆ, ಎಲ್ಲರ ಪರವಾಗಿ ಯಾರೋ ಹೊತ್ಕೊಂಡ್ರು.

9/10

ಈಗ ನನಗೆ ಬರೋ ಕಮೆಂಟ್ ಗೊತ್ತು. "ಕಷ್ಟಪಟ್ರೇ ಕಲಿಯೋದು. ಎಲ್ಲ ರೆಡಿಮೇಡ್ ಬೇಕಂದ್ರೆ ಲಿನಕ್ಸ್ ಯಾಕೆ?"

ಕಲಿಯೋದು ಒಳ್ಳೇದೇ. ಆದ್ರೆ ಈಜು ಕಲಿಸೋರು ಮೊದಲ ದಿನವೇ ಕೆರೆ ಮಧ್ಯಕ್ಕೆ ಎಸೆಯಲ್ಲ. ವೈಫೈ ಬಂದಮೇಲೆ, ಅಸೈನ್‌ಮೆಂಟ್ ಮುಗಿದಮೇಲೆ, ಒಂದು ಭಾನುವಾರ ಆಸಕ್ತಿಯಿಂದ ಟರ್ಮಿನಲ್ ತೆಗೆದವರು ನಿಜವಾಗಿ ಕಲೀತಾರೆ. ಗಾಬರಿಯಲ್ಲಿ ಅರ್ಥವಾಗದ ಕಮಾಂಡ್‌ಗಳನ್ನ ಕಾಪಿ, ಪೇಸ್ಟ್ ಮಾಡಿದವರು ಕಲಿಯೋದು ಒಂದೇ: ಗೊತ್ತಿಲ್ಲದವರು ಹೇಳಿದ್ದನ್ನೆಲ್ಲ ಪಾಸ್‌ವರ್ಡ್ ಕೊಟ್ಟು ಓಡಿಸೋದು. ಅದು ಅಪಾಯದ ಪಾಠ.

"ವಿಂಡೋಸ್‌ನಲ್ಲಿ ಈ ಸಮಸ್ಯೆಯೇ ಇಲ್ಲ" ಅನ್ನೋರಿಗೂ ಒಂದು ಮಾತು. ವಿಂಡೋಸ್ ಹಾಕಿದ ಲ್ಯಾಪ್‌ಟಾಪ್ ಕೊಂಡಾಗ ಡ್ರೈವರ್ ಕೆಲಸವನ್ನ ಕಂಪನಿ ಮೊದಲೇ ಮುಗಿಸಿರುತ್ತೆ. ಖಾಲಿ ಡಿಸ್ಕ್‌ಗೆ ವಿಂಡೋಸ್ 11 ನೀವೇ ಹಾಕಿ ನೋಡಿ. ವೈಫೈ ಡ್ರೈವರ್ ಇಲ್ಲದೆ, ಇಂಟರ್ನೆಟ್ ಕೊಡು ಅಂತ ಹಟ ಹಿಡಿದು ನಿಂತ ಸೆಟಪ್ ಸ್ಕ್ರೀನ್ ಅಲ್ಲೂ ಸಿಗಬಹುದು. ಡಿಸ್ಟ್ರೋಗಳಿಗೆ ಆ ಕಂಪನಿಯ ಸಹಾಯ ಇಲ್ಲ. ಅದಕ್ಕೇ ಇಲ್ಲಿ ಮಾತು ಇನ್ನೂ ಸ್ಪಷ್ಟ ಇರಬೇಕು.

ಕೊನೆಯದಾಗಿ ತತ್ವದ ಪ್ರಶ್ನೆ. ಸುಲಭ ಮಾಡೋಕೆ ಹೋದ್ರೆ ಫ್ರೀ ಸಾಫ್ಟ್‌ವೇರ್‌ನ ಆತ್ಮ ಹೋಗುತ್ತೆ ಅಂತಾರಲ್ಲ, ಅವರಿಗೆ ಆ ಚಳವಳಿಯದ್ದೇ ಹಳೇ ಕಥೆ ನೆನಪಿಸ್ತೀನಿ. ಅದು ಶುರುವಾಗಿದ್ದು ಒಂದು ಪ್ರಿಂಟರ್‌ನಿಂದ ಅಂತಾರೆ.

ಅಮೆರಿಕದ ಎಂಐಟಿಯ ಎಐ ಲ್ಯಾಬ್‌ನಲ್ಲಿ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡ್ತಿದ್ರು. ಅಲ್ಲಿನ ಹಳೇ ಪ್ರಿಂಟರ್‌ನ ಪ್ರೋಗ್ರಾಮನ್ನ ಅವರು ತಿದ್ದಿದ್ರು: ಪ್ರಿಂಟ್ ಮುಗಿದ್ರೆ ತಿಳಿಸುತ್ತೆ, ಪೇಪರ್ ಸಿಕ್ಕಿಹಾಕಿಕೊಂಡ್ರೆ ಕಾಯ್ತಿರೋರಿಗೆಲ್ಲ ಮೆಸೇಜ್ ಹೋಗುತ್ತೆ. 1980ರ ಹೊತ್ತಿಗೆ ಜೆರಾಕ್ಸ್ ಕಂಪನಿ ಹೊಸ ಲೇಸರ್ ಪ್ರಿಂಟರ್ ಕೊಟ್ಟಿತು, ಸೋರ್ಸ್ ಕೋಡ್ ಕೊಡಲಿಲ್ಲ. ಅದಕ್ಕೂ ಪೇಪರ್ ಸಿಕ್ಕಿಹಾಕಿಕೊಳ್ತಿತ್ತು, ಆದ್ರೆ ಯಾರಿಗೂ ಹೇಳ್ತಿರಲಿಲ್ಲ. ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನ ಕೇಳಿದಾಗ, ಕೊಡಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದ್ದೀನಿ ಅಂದ್ರಂತೆ. ಆ ಸಿಟ್ಟು ಮುಂದೆ 1983ರಲ್ಲಿ ಗ್ನೂ ಯೋಜನೆಯ ಘೋಷಣೆವರೆಗೆ ಹೋಯ್ತು.

ಗಮನಿಸಿದ್ರಾ? ಅವರು ಬಯಸಿದ್ದೇ ಇದು: ಯಂತ್ರ ಕೈಕೊಟ್ಟಾಗ ಬಳಸೋರಿಗೆ ಅದು ತಿಳಿಯಬೇಕು. ನಲವತ್ತು ವರ್ಷ ಆದಮೇಲೆ, ಅದೇ ಪರಂಪರೆಯ ಸಿಸ್ಟಮ್ ಒಂದು ವೈಫೈ ಚಿಪ್ ಬಗ್ಗೆ ಬಾಯಿ ಬಿಡದೆ ಕೂತ್ರೆ ಅದನ್ನ ತತ್ವ ಅಂತ ಕರೆಯೋಕಾಗುತ್ತಾ?

10/10

ಹಾಗಾದ್ರೆ ಡಿಸ್ಟ್ರೋ ಮಾಡೋರಿಂದ ನಾವು ಏನು ಕೇಳೋಣ? ನನ್ನ ಪಟ್ಟಿ ಚಿಕ್ಕದು.

ಒಂದು. ಇನ್‌ಸ್ಟಾಲ್ ಮಾಡೋ ಮುಂಚೆ ವರದಿ ಕೊಡಿ. ಪೆನ್‌ಡ್ರೈವ್‌ನಿಂದ ಬೂಟ್ ಆದ ಕೂಡಲೇ ಒಂದು ಪುಟ: ಡಿಸ್‌ಪ್ಲೇ ಸರಿ, ಸೌಂಡ್ ಸರಿ, ವೈಫೈಗೆ ಇಂಥ ಫೈಲ್ ಬೇಕು, ಫಿಂಗರ್‌ಪ್ರಿಂಟ್ ನಡೆಯಲ್ಲ. ಡಿಸ್ಕ್ ಅಳಿಸೋ ಮುಂಚೆಯೇ ಗೊತ್ತಾಗಬೇಕು.

ಎರಡು. ಇಂಟರ್ನೆಟ್ ಬೇಕಾಗೋ ಡ್ರೈವರ್‌ಗಳನ್ನ ಪೆನ್‌ಡ್ರೈವ್‌ನಲ್ಲೇ ಕೊಡಿ. ಇಮೇಜ್ ಗಾತ್ರ ಸ್ವಲ್ಪ ದೊಡ್ಡದಾದ್ರೂ ಪರವಾಗಿಲ್ಲ.

ಮೂರು. ಲಾಗ್‌ನಲ್ಲಿ ಇರೋ ಸತ್ಯವನ್ನ ಸ್ಕ್ರೀನ್‌ಗೆ ತನ್ನಿ. ಏನಾಯ್ತು, ಮುಂದೆ ಏನು ಮಾಡ್ಬೇಕು, ಎರಡು ಸಾಲು ಸಾಕು.

ನಾಲ್ಕು. ಆ ಎರಡು ಸಾಲು ಕನ್ನಡದಲ್ಲೂ ಇರಲಿ. ಡೆಬಿಯನ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಯಾರೋ ನಮ್ಮವರೇ ಕೂತು ಅನುವಾದ ಮಾಡಿದ್ದಾರೆ. ಆದ್ರೆ ತೊಂದರೆ ಬಂದ ಕ್ಷಣ ಎಲ್ಲ ಇಂಗ್ಲಿಷ್ ಆಗಿಬಿಡುತ್ತೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಸಹಾಯ ಹೆಚ್ಚು ಬೇಕಾಗೋದು ಆ ಕ್ಷಣದಲ್ಲೇ.

ಇನ್ನು ನಾವು ಮಾಡಬಹುದಾದ್ದು. ಲಿನಕ್ಸ್ ಹಾಕೋ ಮುಂಚೆ ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ, ವೈಫೈ, ಸೌಂಡ್, ಕ್ಯಾಮೆರಾ, ಸಸ್ಪೆಂಡ್, ಬ್ರೈಟ್‌ನೆಸ್ ಕೀ ಎಲ್ಲ ಪರೀಕ್ಷೆ ಮಾಡಿ. ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲೇ ಹಾಗೆ ಮಾಡೋಕೆ ಕೇಳಿ. ಹಾರ್ಡ್‌ವೇರ್ ಪ್ರೋಬ್ ಅನ್ನೋ ಟೂಲ್ ಇದೆ, ನಿಮ್ಮ ಯಂತ್ರದಲ್ಲಿ ಏನು ಓಡ್ತು, ಏನು ಓಡಲಿಲ್ಲ ಅಂತ ಎಲ್ಲರಿಗೂ ಕಾಣೋ ಪಟ್ಟಿಗೆ ಸೇರಿಸುತ್ತೆ. ಅದೇ ಮಾಡೆಲ್ ಕೊಳ್ಳೋ ಇನ್ನೊಬ್ಬರಿಗೆ ಅದು ದಾರಿದೀಪ. ಸಮಸ್ಯೆ ಬಗೆಹರಿದ್ರೆ ಗ್ರೂಪಿನಲ್ಲಿ "ಸಾಲ್ವ್ ಆಯ್ತು" ಅಂತ ಮಾತ್ರ ಹಾಕಿ ಸುಮ್ಮನಾಗಬೇಡಿ. ಲ್ಯಾಪ್‌ಟಾಪ್ ಮಾಡೆಲ್, ಚಿಪ್ ಹೆಸರು, ಮಾಡಿದ್ದೇನು, ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ಬಗ್ ರಿಪೋರ್ಟ್ ಹಾಕೋಕೆ ಬಂದ್ರೆ ಹಾಕಿ. ಅನುವಾದ ಬಂದ್ರೆ ಅನುವಾದ ಮಾಡಿ. ಕರ್ನಾಟಕದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಗುಂಪುಗಳಿವೆ, ಕಾಲೇಜಿನಲ್ಲಿ ಒಂದು ಶನಿವಾರ ಇನ್‌ಸ್ಟಾಲ್ ಕ್ಯಾಂಪ್ ಇಡೋಕೆ ಹತ್ತು ಜನ ಇದ್ರೂ ಸಾಕು.

ಮತ್ತೆ ಗ್ರೂಪಿನಲ್ಲಿ ಯಾರಾದ್ರೂ "ವೈಫೈ ಬರ್ತಿಲ್ಲ" ಅಂದ್ರೆ, "ಟರ್ಮಿನಲ್ ಕಲಿ" ಅನ್ನೋ ಮುಂಚೆ ಯುಎಸ್‌ಬಿ ಟೆದರಿಂಗ್ ಆನ್ ಮಾಡೋಕೆ ಹೇಳಿ. ಆಮೇಲೆ ಚಿಪ್ ಯಾವುದು ಅಂತ ಕೇಳಿ. ಕಂಪ್ಯೂಟರ್ ತಾನಾಗಿ ಹೇಳೋ ದಿನ ಬರೋವರೆಗೆ ಆ ಕೆಲಸ ನಮ್ಮದು.

ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ ಯಾವುದು, ಲಿನಕ್ಸ್‌ನಲ್ಲಿ ಏನು ಓಡ್ತು, ಏನು ಓಡಲಿಲ್ಲ? ಕಮೆಂಟ್‌ನಲ್ಲಿ ಬರೆಯಿರಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಪಿನ್ ಮಾಡ್ತೀನಿ.

#ಲಿನಕ್ಸ್ #ಓಪನ್‌ಸೋರ್ಸ್ #ಡ್ರೈವರ್‌ಕಥೆ #ಕನ್ನಡದಲ್ಲಿಟೆಕ್